ಅಜ್ಜಿ ಆರಿಸಿದ ಮೋಟಾರ್ ಸೈಕಲ್

೧೨-೨-೧೯೩೯, ಭಾನುವಾರ. ಹೊಳೆನರಸೀಪುರ.

ನಾನು ಹೇಳಿದ ಸುಳ್ಳು ನನ್ನನ್ನೇ ಕೆಡವಿದ ದಿನವೆಂದು ಈ ಭಾನುವಾರವನ್ನು ಚರಿತ್ರೆಯು ಸ್ಮರಿಸತಕ್ಕದ್ದು.

ರಾಮೇಶ್ವರದವರೆಗೆ ಹೋಗಿಬರಲು ನನಗೊಂದು ಮೋಟಾರ್ ಸೈಕಲ್ ಬೇಕು. ರಾಮನಾಥಪುರದ ತಂಬಾಕು ವ್ಯಾಪಾರಿ ಚಂದ್ರಶೇಖರಯ್ಯನವರು ತಮ್ಮ ಎರಡನ್ನೂ ನಮ್ಮ ಅಂಗಳಕ್ಕೆ ತರಿಸಿ, ಒಂದನ್ನು ಆರಿಸಿಕೋ ಎಂದರು. ಕೆಂಪನೆಯದು ಬಿರುಗಾಳಿ, ಕರಿಯದು ಮುದಿ ಎಮ್ಮೆ. ಆದರೆ ನಮ್ಮ ಮನೆಯ ಎತ್ತುಗಳನ್ನೆಲ್ಲ ಆರಿಸಿದವಳು ಅಜ್ಜಿ ದೊಡ್ಡತಾಯಮ್ಮ. ಇದಕ್ಕೂ ಅವಳದೇ ತೀರ್ಪು. ಎರಡರ ಸುತ್ತಲೂ ಬಂದು, ಬೆನ್ನು ಸವರಿ, ಕೆಟ್ಟ ಸುಳಿ ಇದೆಯೇ ಎಂದು ಹುಡುಕಿ, "ಇದ್ರಲ್ಲಿ ಯಾವ್ದ್ಲಾ ಜೋರು?" ಎಂದಳು.

ವೇಗಕ್ಕೆ ಹೆದರಿದಳೆಂದು ಬಗೆದು, ಎದೆಯ ಮೇಲೆ ಕೈಯಿಟ್ಟು ನುಡಿದೆ: "ಕರೀದು ಕಣಜ್ಜಿ, ಬಿಟ್ರೆ ಸಿಗಾಕಿಲ್ಲ. ಕೆಂಪು ಪಾಪ, ಹಸು ಇದ್ದಂಗೆ."

"ಅಂಗಾರೆ ಕರೀದೇ ಇರ್ಲಿ ಕಣ್ಲಾ. ಜೋರಾಗ್ ಓಗೋದು ಜೋರಾಗ್ ವಾಪಸ್ ಬತ್ತದೆ. ನಿನ್ ಮಕ ನೋಡ್ದೆ ಎಷ್ಟ್ ದಿನ ಕುಂತಿರ್ಲಿ?"

ಚಂದ್ರಶೇಖರಯ್ಯನವರು ಮೀಸೆಯೊಳಗೇ ನಕ್ಕರು. ಅಜ್ಜಿ ಎಮ್ಮೆಯ ಹಿಡಿಗೆ ದೃಷ್ಟಿ ತಾಗದಂತೆ ಕರಿದಾರ ಕಟ್ಟಿಯೂ ಬಿಟ್ಟಳು.

ನಾಳೆ ಬೆಳಿಗ್ಗೆ ಅವರು ಕೆಂಪನ್ನು ಒಯ್ಯುವ ಮೊದಲು ನಿಜ ಹೇಳಲೇಬೇಕು. ಬೈಯುತ್ತಾಳೆ, ಬೈಯಲಿ. ಈ ಎಮ್ಮೆಯ ಮೇಲೆ ಹೋದರೆ ಅವಳೆಣಿಸಿದ ದಿನಕ್ಕೆ ನಾನು ಬಾರೆ. ಜಗುಲಿಯಲ್ಲಿ ಕುಳಿತು ರಸ್ತೆಯನ್ನೇ ನೋಡುತ್ತಿರುತ್ತಾಳೆ. ಇಷ್ಟು ದಿನ ಹೋಗುವುದೊಂದನ್ನೇ ಯೋಚಿಸಿದ್ದೆ. ಬರುವುದನ್ನು ಯೋಚಿಸಿದವಳು ಅವಳು.

ಕಣ್ಣು ಮುಚ್ಚಿಬರುತ್ತಿದೆ. ಆ ದಾರವನ್ನು ಹುಷಾರಾಗಿ ಬಿಚ್ಚಿ, ಅವಳ ಕೈಯಿಂದಲೇ ಕೆಂಪಿಗೆ