ನಾಯಕರ ತಟ್ಟೆಯಲ್ಲಿ ಉಂಡ ಪರೀಕ್ಷಾಧಿಕಾರಿಗಳಿಗೆ

ಮಾನ್ಯರೇ,

ನೀವು ಸಹಿ ಹಾಕಿದ ಉತ್ತರಪಟ್ಟಿಯ ಪ್ರಕಾರ ನನ್ನ ಮಗಳು ನಹಿಮಾ ಇಂಗ್ಲಿಷ್ ಪರೀಕ್ಷೆಯಲ್ಲಿ ಸುಳ್ಳು ಬರೆದಿದ್ದಾಳೆ. ಆ ಒಂದು ಅಂಕ ಹೋಗಿ, ನರ್ಸಿಂಗ್ ಶಾಲೆಯ ಸೀಟೂ ಕೈತಪ್ಪುತ್ತಿದೆ. ಆಸ್ಪತ್ರೆ ಸೇರಲು ಒಂದು ಹಗಲು ಒಂದು ರಾತ್ರಿ ಹಡಗಿನಲ್ಲಿ ಹೋಗಬೇಕಾದ ನಮ್ಮ ದ್ವೀಪಕ್ಕೆ ನರ್ಸ್ ಆಗಿ ಬರಬೇಕೆಂದು ಹೊರಟ ಹುಡುಗಿ ಅವಳು.

ಮಕ್ಕಳಿಗೆ ಇಂಗ್ಲಿಷ್ ಕಲಿಸಲು ನಿಮಗೆ ಸಿಕ್ಕಿದ್ದು ರಾಷ್ಟ್ರನಾಯಕರ ಜೀವನಚರಿತ್ರೆ. ಸಿಗಲಿ, ಬೇಡವೆನ್ನಲು ನಾನು ಯಾರು? ಅವರ ಇಡೀ ಬದುಕನ್ನು ತುಂಡು ತುಂಡು ಮಾಡಿ ಕ್ರಿಯಾಪದದ ಮೂರು ರೂಪಗಳ ಪಟ್ಟಿಯಲ್ಲಿ ತುಂಬಿದ್ದೀರಿ. ಬೆಳಗ್ಗೆ ನಾನು ಅಂಗಳದಲ್ಲಿ ಜಾಯಿಕಾಯಿ ಒಣಹಾಕುವಾಗ ಮಗಳು ಒಪ್ಪಿಸುತ್ತಿದ್ದಳು: ಬಂಧಿಸಿದರು, ಗಡಿಪಾರು ಮಾಡಿದರು, ಘೋಷಿಸಿದರು. ಒಟ್ಟು ನಲವತ್ತು. ಒಂದೊಂದರ ಅರ್ಥವನ್ನೂ ನಾನು ಕೇಳಿ ತಿಳಿದುಕೊಂಡೆ. ಆ ನಲವತ್ತರಲ್ಲಿ ನಾಯಕರು ಒಮ್ಮೆಯೂ ಉಂಡಿಲ್ಲ, ಮಲಗಿಲ್ಲ, ನಕ್ಕಿಲ್ಲ. ಎಂಥ ಆರೋಗ್ಯವೋ ಏನೋ!

ನಿಮ್ಮ ಪುಸ್ತಕದಿಂದ ಪಾಂಡಿತ್ಯ ಪಡೆದವನು ನನ್ನ ತಮ್ಮ ಇದ್ರಿಸ್. ದೋಣಿ ನಡೆಸುತ್ತಾನೆ. ಸೋದರಸೊಸೆ ನಹಿಮಾಳ ಪುಸ್ತಕ ಓದಿ ಇಂಗ್ಲಿಷ್ ಕಲಿತ. ಒಂದು ದಿನ ಪ್ರವಾಸಕ್ಕೆ ಬಂದ ವಿದೇಶಿ ಹೆಂಗಸು, ನಿಮ್ಮ ವಾಸ ಎಲ್ಲಿ ಎಂದು ಕೇಳಿದಳು. ಇವನು ಎದೆಯುಬ್ಬಿಸಿ, ನನ್ನನ್ನು ಈ ದ್ವೀಪಕ್ಕೆ ಗಡಿಪಾರು ಮಾಡಲಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದ. ಮನೆಗೆ ಬಂದು ತಲೆ ಕೆರೆದುಕೊಂಡ. “ಅಕ್ಕಾ, ನಾನೇನು ತಪ್ಪು ಹೇಳ್ದೆ? ಪಾಪ, ಆಯಮ್ಮ ನನ್ನ ಕೈ ಹಿಡ್ಕೊಂಡು ಅತ್ತೇಬಿಟ್ಳು!” ತಪ್ಪೇನಿಲ್ಲ ಕಣೋ, ನಿನಗೆ ಪೂರ್ತಿ ಅಂಕ ಎಂದೆ.

ಇನ್ನು ನಿಮ್ಮ ಪರೀಕ್ಷೆ. ನಾಯಕರು ನಮ್ಮ ದ್ವೀಪದಲ್ಲಿ ನಾಲ್ಕು ವರ್ಷ ಒಬ್ಬಂಟಿಯಾಗಿ ಗಡಿಪಾರಿನ ಬದುಕು ಕಳೆದರು ಎನ್ನುತ್ತದೆ ನಿಮ್ಮ ಪಾಠ. ಅವರಿಗೆ ಅಲ್ಲಿ ಯಾರು ಜೊತೆಯಾಗಿದ್ದರು ಎಂಬುದು ಪ್ರಶ್ನೆ. ‘ಯಾರೂ ಇಲ್ಲ’ ಎಂಬುದು ನಿಮ್ಮ ಉತ್ತರ. ನಹಿಮಾ ಬರೆದದ್ದು ಬೇರೆ: ನನ್ನ ಮುತ್ತಜ್ಜಿ ದಿನವೂ ಅವರಿಗೆ ಅಡುಗೆ ಮಾಡಿ ಬಡಿಸಿದಳು, ಅವಳ ಮನೆಯವರೆಲ್ಲ ಅವರೊಡನೆ ಕೂತು ಉಂಡರು. ಕ್ರಿಯಾಪದಗಳಲ್ಲಿ ಒಂದೂ ತಪ್ಪಿಲ್ಲ ಎಂದು ಶಾಲೆಯ ಮೇಷ್ಟರೇ ಹೇಳುತ್ತಾರೆ. ಅದರ ಮೇಲೆ ನಿಮ್ಮವರು ಕೆಂಪು ಗೀಟು ಎಳೆದು ‘ಪಾಠದಲ್ಲಿ ಇಲ್ಲ’ ಎಂದು ಬರೆದಿದ್ದಾರೆ.

ನಿಮಗೆ ಗೊತ್ತಿರಲಿಲ್ಲವೆ? ಗೊತ್ತಿಲ್ಲದವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಸಂಜೆ ನನ್ನಜ್ಜಿ ಮೀನಿನ ಸಾರು ಬಡಿಸುತ್ತಿದ್ದಾಗಲೇ ಸಿಪಾಯಿಗಳು ಬಂದು ನಾಯಕರನ್ನು ಎಬ್ಬಿಸಿ ಹಡಗು ಹತ್ತಿಸಿದರು. ತುತ್ತು ಬಾಯಿಗೆ ಹೋಗಲಿಲ್ಲ. ಅಂದಿನಿಂದ ಪ್ರತಿವರ್ಷ ಆ ದಿನ ನಮ್ಮ ಮನೆಯಲ್ಲಿ ಮೊದಲ ತಟ್ಟೆ ಅವರಿಗೆ. ಸಂಜೆಯ ನಮಾಜು ಮುಗಿಯುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲ.

ಹೋದ ವರ್ಷ ಅದೇ ದಿನ ನೀವು ಭಾಷಣಕ್ಕೆಂದು ಬಂದಿರಿ. ನಮ್ಮ ಮನೆಗೂ ಬಂದಿರಿ. ಚಾಪೆಯ ಮೇಲೆ ಎಲ್ಲ ಬಿಟ್ಟು ಆ ತಟ್ಟೆಯ ಮುಂದೆಯೇ ಕುಳಿತಿರಿ. ಇದ್ರಿಸ್ ಬಾಯಿ ತೆರೆದ. “ಅಕ್ಕಾ, ಅದು…” ನಾನು ಅವನನ್ನು ಚಿವುಟಿದೆ. “ಸುಮ್ನಿರೋ, ಸಾಹೇಬ್ರು ಕೈ ಹಾಕಿಯಾಯ್ತು.” ತಟ್ಟೆಗೆ ಕೈ ಹಾಕಿದ ಅತಿಥಿಯನ್ನು ಎಬ್ಬಿಸುವುದು ಸಿಪಾಯಿಗಳ ಕೆಲಸ, ನಮ್ಮದಲ್ಲ. ನೀವು ಬೆರಳು ನೆಕ್ಕುತ್ತಾ, “ಆಹಾ, ಇನ್ನೊಂದು ಮೀನು ಹಾಕ್ರಮ್ಮಾ” ಎಂದಿರಿ. ಹಾಕಿದೆ. ಆಮೇಲೆ ಮೈಕಿನ ಮುಂದೆ, ನಾಯಕರನ್ನು ಬದುಕಿಸಿದ್ದು ಈ ಮನೆಯ ಕೈಯಡುಗೆ ಎಂದು ಗದ್ಗದಿತರಾದಿರಿ. ಊರೆಲ್ಲ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ನಾಚಿಕೆಯಾಗುತ್ತದೆ.

ಮೊನ್ನೆ ಹಡಗು ಹತ್ತಿ ನಿಮ್ಮ ಕಚೇರಿಗೆ ಬಂದೆ. ನೀವು ಸಿಗಲಿಲ್ಲ, ಗುಮಾಸ್ತರು ಸಿಕ್ಕರು. “ಏನಮ್ಮಾ ನೀವು! ನಿಮ್ಮಜ್ಜಿ ಅಡುಗೆ ಮಾಡಿದ್ದು ಪಾಠದಲ್ಲಿದ್ಯಾ?”

“ಪಾಠದಲ್ಲಿಲ್ಲ. ನಿಮ್ಮ ಸಾಹೇಬ್ರ ಭಾಷಣದಲ್ಲಿತ್ತು.”

“ಭಾಷಣ ಬೇರೆ, ಪರೀಕ್ಷೆ ಬೇರೆ ಕಣಮ್ಮಾ. ಮಗಳಿಗೆ ಹೇಳಿ, ಮುಂದಿನ ಸಲ ಒಬ್ರೇ ಇದ್ರು ಅಂತ ಬರೀಲಿ. ಏನ್ ಗಂಟು ಹೋಗುತ್ತೆ?”

ಮನೆಗೆ ಬಂದು ಅದನ್ನೇ ಹೇಳಿದೆ. ನಹಿಮಾ ಒಲೆಯ ಕಡೆ ನೋಡುತ್ತಾ, “ಸೀಟು ಹೋದ್ರೆ ಹೋಗ್ಲಿ ಅಮ್ಮಾ, ಅದನ್ನ ಬರಿಯಲ್ಲ” ಎಂದಳು. ಅತ್ತದ್ದು ನಾನು.

ಸೀಟಿನ ಪಟ್ಟಿ ಇದೇ ಹದಿನೈದಕ್ಕೆ ಮುಚ್ಚುತ್ತದೆ. ಕನಿಕರದ ಅಂಕ ಬೇಡ, ಅವಳದೇ ಅಂಕ ಅವಳಿಗೆ ಕೊಡಿ. ಉತ್ತರಪಟ್ಟಿಯನ್ನು ತಿದ್ದಿ, ಭಾಷಣ ಮಾಡಿದ ಅದೇ ಮೈಕಿನಲ್ಲಿ ಅದನ್ನು ಓದಿ ಹೇಳಿ. ಆಗುವುದಿಲ್ಲವೆಂದರೆ, ನಾನು ಕೇಳುವ ಒಂದೇ ಪ್ರಶ್ನೆಗೆ ಲಿಖಿತ ಉತ್ತರ ಕೊಡಿ. ಪಾಠ ನೋಡಿಕೊಂಡೇ ಬರೆಯಬಹುದು. ನಾಯಕರಿಗೆ ಇಲ್ಲಿ ಯಾರೂ ಇರಲಿಲ್ಲವೆಂದಾದರೆ, ಅವತ್ತು ನೀವು ಉಂಡದ್ದು ಯಾರ ತಟ್ಟೆಯಲ್ಲಿ?

ಇಂತಿ,
ಪಾಠದಲ್ಲಿ ಇಲ್ಲದವಳ ಮೊಮ್ಮಗಳು, ನಿಮಗೆ ಎರಡನೆಯ ಮೀನು ಬಡಿಸಿದವಳು,
ಮರ್ವಾ ರುಮಾಕತ್