ಬೆಳಗ್ಗೆ ಹನ್ನೊಂದಕ್ಕೆ ಬೀದಿದೀಪ ಪರೀಕ್ಷಿಸಿದವರಿಗೆ

ಬೀದಿದೀಪ ವಿಭಾಗದ ಮಾನ್ಯ ಮುಖ್ಯ ಎಂಜಿನಿಯರರೇ,

ಪ್ರಯೋಗಕ್ಕೆಂದು ನಮ್ಮ ಬೀದಿಗೆ ಹಾಕಿಸಿದ ಹೊಸ ಎಲ್‌ಇಡಿ ದೀಪಗಳನ್ನು ಸೋಮವಾರ ಕಳಚಿ, ಹಳೆಯ ಹಳದಿ ದೀಪಗಳನ್ನೇ ಮತ್ತೆ ಹಾಕಿಸುತ್ತೀರಂತೆ. ಕಾರಣ ನಿಮ್ಮ ಪರೀಕ್ಷಾ ವರದಿಯಲ್ಲಿದೆ: "ಹೊಸ ದೀಪಕ್ಕೂ ಹಳೆಯ ದೀಪಕ್ಕೂ ರಸ್ತೆಯ ಬೆಳಕಿನಲ್ಲಿ ಯಾವುದೇ ವ್ಯತ್ಯಾಸ ಕಂಡುಬಂದಿಲ್ಲ." ಇದು ನನಗೆ ಹೇಗೆ ತಿಳಿಯಿತೆಂದು ಹುಬ್ಬೇರಿಸಬೇಡಿ. ನಮ್ಮ ಅಂಗಡಿಯಲ್ಲಿ ಅದರ ಆರು ಪ್ರತಿ ಜೆರಾಕ್ಸ್ ಮಾಡಿಕೊಟ್ಟವಳು ನಾನೇ. ಅಳತೆಯ ಸಮಯವೆಂಬ ಕಾಲಂನಲ್ಲಿ 'ಬೆಳಗ್ಗೆ 11' ಎಂದು ಓದಿ ನಾನು ನಕ್ಕ ರಭಸಕ್ಕೆ ಮೂರನೇ ಪ್ರತಿ ಸೊಟ್ಟಗೆ ಬಂದಿದೆ, ಕ್ಷಮಿಸಿ.

ಸ್ವಾಮೀ, ಸುಡುಬಿಸಿಲಿನಲ್ಲಿ, ಆರಿದ ದೀಪದ ಕೆಳಗೆ ಬೆಳಕು ಅಳೆಯುವ ಮೀಟರ್ ಹಿಡಿದರೆ ವ್ಯತ್ಯಾಸ ಎಲ್ಲಿಂದ ಕಾಣಬೇಕು? ಅಳತೆಗೆ ಬಂದಿದ್ದ ನಿಮ್ಮ ಸಿಬ್ಬಂದಿಯನ್ನೇ ಕೇಳಿದೆ. "ನಮ್ ಡ್ಯೂಟಿ ಐದೂವರೆಗೆ ಮುಗಿಯುತ್ತೆ ಮೇಡಂ, ದೀಪ ಹತ್ತೋದು ಆರೂವರೆಗೆ. ನಾವೇನ್ ಮಾಡೋಣ?" ಎಂದರು. ಸೂರ್ಯನನ್ನು ಇಷ್ಟು ನಿಷ್ಠೆಯಿಂದ ಅಳೆದ ಇಲಾಖೆ ಇನ್ನೊಂದಿದೆಯೇ?

ವ್ಯತ್ಯಾಸವೇನೆಂದು ನಾನು ಹೇಳುತ್ತೇನೆ. ನನ್ನ ಅತ್ತೆಗೆ ಕಿವಿ ಕೇಳಿಸುವುದಿಲ್ಲ. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಹಳದಿ ದೀಪದ ಮಬ್ಬಿನಲ್ಲಿ ತುಟಿ ಕಾಣದೆ, ಹನ್ನೆರಡು ವರ್ಷದಿಂದ ಕತ್ತಲಾಯಿತೆಂದರೆ ಒಳಗೆ ಬಂದು ಸುಮ್ಮನೆ ಕೂರುತ್ತಿದ್ದರು. ಹೊಸ ದೀಪ ಹತ್ತಿದ ಸಂಜೆ ಮೆಟ್ಟಿಲ ಮೇಲೆ ಕೂತವರು ಊಟಕ್ಕೆ ಕರೆದರೂ ಏಳಲಿಲ್ಲ. ಎದುರುಮನೆಯ ನಿವೃತ್ತ ಮೇಷ್ಟ್ರು ಹೆಂಡತಿಯ ಬಳಿ, "ಈಯಮ್ಮ ನಮ್ಮನ್ನೇ ನೋಡ್ತಿದ್ದಾರೆ, ಒಳಗೆ ಹೋಗೋಣ ಬಾ" ಎಂದು ಪಿಸುಗುಟ್ಟಿದರಂತೆ. ರಸ್ತೆಯಾಚೆಯಿಂದ ಅತ್ತೆ, "ಯಾಕೆ ಮೇಷ್ಟ್ರೇ, ನಾನೇನ್ ಕಚ್ತೀನಾ? ಕೂತ್ಕೊಳ್ಳಿ" ಎಂದರು. ಅಂದಿನಿಂದ ಬೀದಿಯಲ್ಲಿ ಗುಟ್ಟೆಂಬುದೇ ಉಳಿದಿಲ್ಲ. ಜನ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಅತ್ತೆ ಕೈ ಇಳಿಸಿ ಎಂದು ಗದರುತ್ತಾರೆ. ಅಂಗಡಿಯ ಷಟರ್ ಎಳೆಯುತ್ತಾ ನಾನು ಅವರ ಮೇಲೆಯೇ ಗೊಣಗಿದ್ದಕ್ಕೂ ತಕ್ಷಣ ಉತ್ತರ ಬಂತು. ಆದರೂ ನನಗೆ ಖುಷಿಯಾಗಿದೆ, ಹುಚ್ಚು ಖುಷಿ. ಅತ್ತೆ ಹೀಗೆ ಹೊಟ್ಟೆ ಹಿಡಿದು ನಗುವುದನ್ನು ಮದುವೆಯಾಗಿ ಬಂದ ಮೇಲೆ ನಾನು ನೋಡಿಯೇ ಇರಲಿಲ್ಲ.

ಆದ್ದರಿಂದ ದೀಪ ಕಳಚುವ ಆದೇಶವನ್ನು ತಡೆಹಿಡಿಯಿರಿ. ಒಂದು ಸಂಜೆ ಏಳಕ್ಕೆ ಖುದ್ದಾಗಿ ಬನ್ನಿ. ಮೀಟರ್ ಬೇಡ. ಮೊದಲು ಹಳದಿ ದೀಪವಿರುವ ಪಕ್ಕದ ಬೀದಿಯಲ್ಲಿ, ಆಮೇಲೆ ನಮ್ಮ ಬೀದಿಯಲ್ಲಿ, ರಸ್ತೆಯಾಚೆ ನಿಂತು ಅತ್ತೆಯನ್ನು ಏನಾದರೂ ಕೇಳಿ. ಎರಡೂ ಕಡೆ ವ್ಯತ್ಯಾಸ ಕಾಣದಿದ್ದರೆ ಏಣಿ ಹಿಡಿಯಲು ನಾನೇ ಬರುತ್ತೇನೆ. ಅದೂ ಆಗದು ಎನ್ನುವುದಾದರೆ, ಸೋಮವಾರದಿಂದ ಸಂಜೆ ಯಾರ ಮಾತೂ ತಮಗೇಕೆ ತಿಳಿಯುತ್ತಿಲ್ಲವೆಂದು ಅತ್ತೆ ಕೇಳಿದಾಗ ಉತ್ತರ ನೀವೇ ಹೇಳಬೇಕು. ಹಗಲಿನಲ್ಲೇ ಬಂದು ಹೇಳಿ. ನಿಮ್ಮ ತುಟಿ ಅವರಿಗೆ ಕಾಣಬೇಕಲ್ಲ.

ಇಂತಿ,
ಗೊಣಗುವ ಹಕ್ಕನ್ನು ಸಂತೋಷದಿಂದ ಬಿಟ್ಟುಕೊಟ್ಟಿರುವ,
ಜೆರಾಕ್ಸ್ ಅಂಗಡಿಯ ಸೊಸೆ