ದುರುಗಮ್ಮನ ಎರಡು ರಿಂಗ್

ಜೂನ್ ೧೧, ೨೦೨೫, ಬುಧವಾರ

ದುರುಗಮ್ಮನ ಅಂಗಡಿಗೆ ಮೂರು ವಾರದಿಂದ ನಮ್ಮ ಗಾಡಿ ಹೋಗಿಲ್ಲ. ಕಾರಣ ನಾನು.

ಇಟ್ಟಿಗಿ ಊರಿನ ಆಕೆ ಸೋಮವಾರ, ಹಳ್ಳಿ ಅಂಗಡಿಗಳಿಗೆ ಸಾಮಾನು ಹಾಕುವ ನಮ್ಮ ಏಜೆನ್ಸಿಗೆ ಎರಡು ರಿಂಗ್ ಕೊಟ್ಟು ಕಟ್ ಮಾಡಿದರೆ, ಹೋದ ವಾರದಷ್ಟೇ ಸೋಪು, ಚಹಾಪುಡಿ, ಬಿಸ್ಕತ್ತು ಕಳಿಸಿ ಎಂದರ್ಥ. ನಾವು ತಿರುಗಿ ಫೋನ್ ಮಾಡಿದರೆ ಎತ್ತುವುದಿಲ್ಲ. ರಿಂಗ್ ಮುಟ್ಟಿತು ಎಂದು ತಿಳಿಸಲು ಮಾಡಿದ್ದಾರೆ ಎಂದುಕೊಳ್ಳುತ್ತಾಳೆ. ಹದಿನೈದು ವರ್ಷದಿಂದ ಹೀಗೇ ನಡೆದಿದೆ. ಹೊಸ ಸಾಫ್ಟ್‌ವೇರಿಗೆ ಇದೆಲ್ಲಿ ಗೊತ್ತು? ಮೂರು ಸಲ ಫೋನ್ ಎತ್ತದವರನ್ನು ‘ಬಿಟ್ಟುಹೋದ ಗ್ರಾಹಕರು’ ಎಂದು ಪಟ್ಟಿ ಮಾಡಿ, ತೆಗೆದುಹಾಕಲೇ ಎಂದು ನನ್ನನ್ನು ಕೇಳಿತು. ಓದದೆ ಒಪ್ಪಿಗೆ ಒತ್ತಿದೆ. ದಿನಕ್ಕೆ ಎರಡು ಪತ್ರಿಕೆ ಓದುವವನು ಆ ಪಟ್ಟಿಯ ನಲವತ್ತು ಹೆಸರು ಓದಲಿಲ್ಲ.

ಅವಳ ಹೆಸರೂ ಅದರಲ್ಲಿತ್ತೆಂದು ತಿಳಿದು ಇವತ್ತು ನಾನೇ ಗಾಡಿಯಲ್ಲಿ ಹೋದೆ. ಅಂಗಡಿಯ ಹಲಗೆಗಳು ಖಾಲಿ.

“ಬರ್ರಿ ಸೋಮಶೇಖರಣ್ಣ, ಇಟ್ಟಿಗಿ ದಾರಿ ಇನ್ನಾ ನೆನಪೈತೇನು?” ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, “ಮಂದಿ ಎಲ್ಲಾ ಆಚಿ ಓಣಿ ಅಂಗಡಿಗೆ ಹೊಂಟಾರ. ರಿಂಗ್ ಕೊಡೋದ್ರಾಗ ನಾನ ಏನರ ತಪ್ಪು ಮಾಡೀನೇನ್ರಿ?”

“ನಿಂದಲ್ಲ ಬಿಡವ್ವ, ಕಂಪ್ಯೂಟರ್ ತಪ್ಪು ಮಾಡೇತಿ,” ಎಂದುಬಿಟ್ಟೆ.

೨೦೦೯ರಲ್ಲಿ ಪಿಂಚಣಿ ಪಟ್ಟಿಯಿಂದ ನಮ್ಮವ್ವನ ಹೆಸರು ಬಿಟ್ಟುಹೋದಾಗ ಗುಮಾಸ್ತನೊಬ್ಬ ನನಗೆ ಹೇಳಿದ್ದೂ ಇದೇ ಮಾತು. ಅವತ್ತು ಮೇಜು ಗುದ್ದಿದ್ದೆ. ಪತ್ರಿಕೆಗೆ ಕಾಗದ ಬರೆದಿದ್ದೆ, “ಯಂತ್ರದ ಹಿಂದೆ ಅಡಗುವ ಹೇಡಿಗಳು” ಎಂದು.

ದುರುಗಮ್ಮ ನಂಬಿದಳು. ಕೂಡ್ರಿಸಿ, ಮನೆಯಲ್ಲಿ ಉಳಿದಿದ್ದ ಪುಡಿಯಲ್ಲೇ ಚಹಾ ಮಾಡಿ ಕೊಟ್ಟಳು.

ಅದನ್ನು ಕುಡಿದೂ ಬಂದೆ.